ಚೆನ್ನಾಗಿದೆ ಅಂದ್ರೆ ಸಾಕಾ? ಗೆಳೆಯರ ಫೋಟೊ ಬಗ್ಗೆ ಮಾತಾಡೋದು ಹೇಗೆ – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಯಾವ ಕ್ಯಾಮೆರಾ ತಗೊಳ್ಲಿ, ಯಾವ ಲೆನ್ಸ್ ತಗೊಳ್ಲಿ ಅನ್ನೋ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟಿದೀನಿ. ಒಂದೇ ವಿಷಯದ ಮೇಲೆ ಸುಮಾರು ಪತ್ರ ಬಂದಿವೆ, ಜೊತೇಲಿ ಫೋಟೊ ತೆಗೆಯೋರು ಒಬ್ಬರ ಫೋಟೊ ಬಗ್ಗೆ ಇನ್ನೊಬ್ಬರು ಏನು ಹೇಳ್ಬೇಕು, ಹೇಗೆ ಹೇಳ್ಬೇಕು ಅಂತ. ಅದ್ರಲ್ಲಿ ಆರು ಆರಿಸಿಕೊಂಡಿದೀನಿ.

ಪ್ರಶ್ನೆ: ನಾವು ಹನ್ನೆರಡು ಜನ ಹವ್ಯಾಸಿಗಳು ತಿಂಗಳಿಗೊಂದು ಭಾನುವಾರ ಯಾರಾದ್ರೂ ಒಬ್ಬರ ಮನೇಲಿ ಸೇರಿ ಟೀವಿಗೆ ಪೆನ್‌ಡ್ರೈವ್ ಹಾಕಿ ಫೋಟೊ ನೋಡ್ತೀವಿ. ಹೋದ್ಸಲ ಒಬ್ಬ ಗೆಳೆಯ ಮಂಡಗದ್ದೆ ಪಕ್ಷಿಧಾಮದಲ್ಲಿ ತೆಗೆದ ಬೆಳ್ಳಕ್ಕಿ ಫೋಟೊ ತಂದಿದ್ದ, ಕೊಕ್ಕಲ್ಲಿ ಕಡ್ಡಿ ಹಿಡ್ಕೊಂಡು ಕೊಂಬೆ ಮೇಲೆ ಇಳೀತಾ ಇರೋದು. ಆದ್ರೆ ಬಿಳಿ ಪೂರ್ತಿ ಸುಟ್ಟುಹೋಗಿತ್ತು, ಒಂದು ಗರಿನೂ ಕಾಣ್ತಿರಲಿಲ್ಲ. ನಾನು "ಓವರ್ ಎಕ್ಸ್‌ಪೋಸ್ ಆಗಿದ್ಯಲ್ಲೋ ಮಾರಾಯ, ವೇಸ್ಟ್ ಆಯ್ತು" ಅಂದೆ. ಆಮೇಲೆ ಅವನು ಮಾತೇ ಆಡ್ಲಿಲ್ಲ, ಈ ತಿಂಗಳು ಬರಲೂ ಇಲ್ಲ. ನಾನು ಹೇಳಿದ್ದು ಸುಳ್ಳಂತೂ ಅಲ್ಲ. ತಪ್ಪೆಲ್ಲಾಯ್ತು? – ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಪತ್ರದಲ್ಲೇ ಒಂದು ಮಾತಿದೆ ಸರ್, "ಕೊಕ್ಕಲ್ಲಿ ಕಡ್ಡಿ ಹಿಡ್ಕೊಂಡು ಇಳೀತಾ ಇರೋದು" ಅಂತ. ನೀವು ಅದನ್ನ ನೋಡಿದೀರಿ, ಇಷ್ಟು ದಿನ ಆದ್ಮೇಲೂ ನೆನಪಿದೆ, ನನಗೂ ಬರೆದಿದೀರಿ. ಅವನಿಗೆ ಹೇಳಿದ್ರಾ? ಅವನು ಎಷ್ಟು ಹೊತ್ತು ಕಾದು ಆ ಕ್ಷಣ ಹಿಡಿದ್ನೋ ಏನೋ, ಅಲ್ಲಿ ಕೂತಿದ್ದ ಒಬ್ಬರ ಬಾಯಲ್ಲೂ ಆ ಕಡ್ಡಿ ವಿಷಯ ಬರ್ಲಿಲ್ಲ ಅಂದ್ರೆ ತಾನು ಕಂಡಿದ್ದು ಯಾರಿಗೂ ಕಾಣ್ಲೇ ಇಲ್ಲ ಅಂತ ಅವನಿಗೆ ಅನ್ಸತ್ತೆ. ಹೊಗಳಿ ಮೆತ್ತಗೆ ಮಾಡಿ ಆಮೇಲೆ ಬೈರಿ ಅಂತ ನಾನು ಹೇಳ್ತಿಲ್ಲ, ಆ ಥರದ್ದು ಯಾರಿಗಾದ್ರೂ ತಕ್ಷಣ ಗೊತ್ತಾಗತ್ತೆ. ಫೋಟೊದಲ್ಲಿ ಏನಿದೆ ಅಂತ ಮೊದ್ಲು ಬಾಯ್ಬಿಟ್ಟು ಹೇಳಿ ಅಷ್ಟೆ. ತೆಗೆದವನು ಅಂದ್ಕೊಂಡಿದ್ದೂ ನಿಮಗೆ ಕಂಡಿದ್ದೂ ಒಂದೇನಾ ಅಂತ ಇಬ್ಬರಿಗೂ ಗೊತ್ತಾಗೋದು ಅಲ್ಲೇ.

ಎರಡನೇದು, "ಓವರ್ ಎಕ್ಸ್‌ಪೋಸ್" ಅನ್ನೋದು ಬರೀ ಕಾಯಿಲೆ ಹೆಸರು, ಅದು ಯಾಕೆ ಬಂತು ಅನ್ನೋದು ಅದರಲ್ಲಿಲ್ಲ. ಮಂಡಗದ್ದೆ ನೆನಪು ಮಾಡ್ಕೊಳ್ಳಿ. ಬೆಳ್ಳಕ್ಕಿ ಗೂಡು ಕಟ್ಟೋದು ಮಳೆಗಾಲದಲ್ಲಿ, ತುಂಗೆ ತುಂಬಿ ಹರೀತಿರತ್ತೆ, ಮೋಡ ಮುಚ್ಚಿರತ್ತೆ, ಮರದ ಎಲೆ ಎಲ್ಲಾ ಒದ್ದೆಯಾಗಿ ಕಡುಹಸಿರು. ಅಷ್ಟು ದೊಡ್ಡ ಕಪ್ಪು ಹಸಿರಿನ ನಡುವೆ ಚಿಕ್ಕದೊಂದು ಬಿಳಿ ಹಕ್ಕಿ. ಕ್ಯಾಮೆರಾ ಫ್ರೇಮನ್ನೆಲ್ಲ ಅಳೆದು "ಕತ್ತಲೆ ಇದೆ" ಅಂತ ಲೆಕ್ಕ ಹಾಕಿ ಪೂರ್ತಿ ಫೋಟೊನ ಬೆಳಗಿಸಿಬಿಡತ್ತೆ, ಎಲೆಗಳು ಚೆನ್ನಾಗೇ ಬರತ್ವೆ, ಹಕ್ಕಿ ಸುಡತ್ತೆ. ಅಲ್ಲಿ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಕ್ಯಾಮೆರಾ ಲೆಕ್ಕಕ್ಕಿಂತ ಬೆಳಕು ಹೆಚ್ಚುಕಮ್ಮಿ ಮಾಡೋ ಸೆಟ್ಟಿಂಗ್) ಮೈನಸ್ 1 ಹತ್ರ ಇಳಿಸ್ಬೇಕು, ಸ್ಕ್ರೀನಲ್ಲಿ ಹೈಲೈಟ್, ಅಂದ್ರೆ ತೀರಾ ಬೆಳಗಿದ ಭಾಗ, ಮಿಣುಕತ್ತಲ್ಲ ಆ ಎಚ್ಚರಿಕೆ ಆನ್ ಮಾಡಿಟ್ಕೊಂಡು ಅದು ನಿಲ್ಲೋವರೆಗೂ ಇಳಿಸ್ತಾ ಹೋಗ್ಬೇಕು. ಅದೇ ಹಕ್ಕಿ ಹತ್ರ ಬಂದು ಫ್ರೇಮ್ ತುಂಬಾ ಅದೇ ಇದ್ರೆ ಉಲ್ಟಾ, ಬಿಳಿನ ಕ್ಯಾಮೆರಾ ಬೂದು ಮಾಡತ್ತೆ, ಆಗ ಪ್ಲಸ್ ಕಡೆ ಹೋಗ್ಬೇಕು. "ಬಿಳಿ ಹಕ್ಕಿಗೆ ಯಾವಾಗ್ಲೂ ಪ್ಲಸ್" ಅಂತ ಯಾರೋ ಹೇಳಿದ್ದನ್ನ ಅವನು ಪಾಲಿಸಿ ಕೆಟ್ಟಿರಲೂಬಹುದು, ಕೇಳಿ ನೋಡಿ.

ರಾ ಫೈಲ್, ಅಂದ್ರೆ ಕ್ಯಾಮೆರಾ ಸಂಸ್ಕರಿಸದೆ ಹಾಗೇ ಇಟ್ಟ ಮೂಲ ಫೈಲ್, ಇದ್ಯಾ ಅಂತಲೂ ಕೇಳಿ. ಜೆಪೆಗ್‌ನಲ್ಲಿ ಬಿಳಿ ಹೋಯ್ತು ಅಂದ್ರೆ ಹೋಯ್ತು, ರಾದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗಿದ್ರೆ ಹೈಲೈಟ್ ಎಳೆದಾಗ ಗರಿಗಳು ವಾಪಸ್ ಬರೋದುಂಟು. ಅಂದ್ರೆ ನೀವು ವೇಸ್ಟ್ ಅಂದ ಫೋಟೊ ಇನ್ನೂ ಬದುಕಿರಬಹುದು!

ಫೋನ್ ಬೇಡ, ಅವನ ಮನೆಗೇ ಹೋಗಿ. "ಆ ಕಡ್ಡಿ ಹಿಡ್ಕೊಂಡಿದ್ದು ನನ್ನ ತಲೇಲೇ ಕೂತಿದೆ ಮಾರಾಯ, ಇನ್ನೊಂದ್ಸಲ ಹೋಗಣ ಬಾ" ಅನ್ನಿ. ಹನ್ನೆರಡು ಜನರೆದುರು ವೇಸ್ಟ್ ಅಂದಿದ್ದು ತಪ್ಪಾಯ್ತು ಅನ್ನೋದನ್ನೂ ಅಲ್ಲೇ ಹೇಳಿ.

ಪ್ರಶ್ನೆ: ನಂದು ಉಲ್ಟಾ ಸಮಸ್ಯೆ ಐತ್ರಿ. ಏನ್ ತೋರಿಸಿದ್ರೂ "ಮಸ್ತ್ ಐತಿ", "ಭಾರಿ ತಗದೀರಿ" ಅಂತಾರ, ಮುಂದಕ್ ಒಂದ್ ಮಾತಿಲ್ಲ. ನಾಲ್ಕ್ ವರ್ಷ ಆತು, ನಾ ಸುಧಾರಿಸೇನೋ ಇಲ್ಲೋ ನನಗ ಗೊತ್ತಿಲ್ಲ. – ಧಾರವಾಡದ ಓದುಗರು

ಉತ್ತರ: ಹೆಂಗೈತಿ ಅಂತ ಕೇಳಿದ್ರ ಮಸ್ತ್ ಐತಿ ಅಂತಾನ ಉತ್ತರ ಬರ್ತೈತ್ರಿ. ಪ್ರಶ್ನೆ ಬದಲಿಸಿ ನೋಡಿ. ಒಂದೇ ಜಾಗದ ಎರಡು ಫ್ರೇಮ್ ತಗೊಂಡು ಹೋಗಿ, ಒಂದು ಅಡ್ಡ ಒಂದು ಉದ್ದ, ಇಲ್ಲಾಂದ್ರೆ ಒಂದರಲ್ಲಿ ಆಕಾಶ ಜಾಸ್ತಿ ಇನ್ನೊಂದರಲ್ಲಿ ನೆಲ ಜಾಸ್ತಿ. ಎರಡನ್ನೂ ಮುಂದಿಟ್ಟು "ಇದ್ರಾಗ ಯಾವ್ದು ಇಟ್ಕೊಳ್ಲಿ, ಯಾಕ?" ಅಂತ ಕೇಳಿ, ಆ "ಯಾಕ" ಬಿಡಬ್ಯಾಡ್ರಿ. ಇನ್ನೊಂದು ಉಪಾಯ, ಫೋಟೊನ ಐದು ಸೆಕೆಂಡ್ ತೋರಿಸಿ ಮುಚ್ಚಿ, ಏನು ನೆನಪೈತಿ ಅಂತ ಕೇಳಿ. ನೀವು ಅಜ್ಜಿ ಮುಖ ಅಂತ ತೆಗೆದಿದ್ದಕ್ಕೆ ಅವರು "ಹಿಂದ ಒಂದು ಕೆಂಪ್ ಕೊಡ ಇತ್ತಲ್ಲ" ಅಂದ್ರೆ ನಿಮಗೆ ಬೇಕಾದ ಫೀಡ್‌ಬ್ಯಾಕ್ ಸಿಕ್ಕಂಗೆ. ಸಲಾನ್‌ಗೆ, ಅಂದ್ರೆ ಫೋಟೊ ಸ್ಪರ್ಧೆಗೆ, ಕಳಿಸಿದ್ರೆ ಗೊತ್ತಾಗತ್ತೆ ಅಂತ ಸುಮಾರು ಜನ ಅಂದ್ಕೋತಾರೆ, ಅಲ್ಲಿ ಸಾಮಾನ್ಯವಾಗಿ ಅಂಕ ಬರತ್ತೆ, ಆಯ್ಕೆ ಆಯ್ತೋ ಇಲ್ವೋ ಅನ್ನೋದು ಬರತ್ತೆ, ಕಾರಣ ಬರಲ್ಲ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಥರದ ಕ್ಲಬ್‌ಗಳು 1971ರಿಂದ ಇವತ್ತಿನವರೆಗೂ ನಡ್ಕೊಂಡು ಬಂದಿರೋದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬಿದೀನಿ, ಕಾರಣ ಹೇಳೋಕೆ ಎದುರಿಗೆ ಕೂತ ಮನುಷ್ಯ ಬೇಕು.

ಪ್ರಶ್ನೆ: ನಾನು ಕಂಬಳ ಫೋಟೊ ತೆಗೀತೇನೆ. ಎಲ್ಲರೂ 1/1600 ಸೆಕೆಂಡ್ ಷಟರ್ ಸ್ಪೀಡಲ್ಲಿ ನೀರು ಹನಿಹನಿಯಾಗಿ ನಿಲ್ಲಿಸಿ ತೆಗೀತಾರೆ, ಎಲ್ಲ ಒಂದೇ ಥರ ಕಾಣ್ತದೆ ಅಂತ ನಾನು ಈ ಸೀಸನ್ ಮಂಜೊಟ್ಟಿಯ ಹತ್ರ ನಿಂತು 1/30ರಲ್ಲಿ ಪ್ಯಾನಿಂಗ್ ಮಾಡಿದೆ, ಅಂದ್ರೆ ಕೋಣಗಳ ಓಟದ ಜೊತೆ ಕ್ಯಾಮೆರಾ ತಿರುಗಿಸ್ತಾ ತೆಗೆದೆ. ತೋರಿಸಿದ್ರೆ ಸೀನಿಯರ್ ಒಬ್ಬರು "ಬ್ಲರ್ ಆಗಿದೆ, ಡಿಲೀಟ್ ಮಾಡಿ" ಅಂದ್ರು. ಬೇಕಂತಲೇ ಮಾಡಿದ್ದು ಅಂದ್ರೆ "ಎಲ್ಲರೂ ಹಾಗೇ ಹೇಳೋದು" ಅಂದ್ರು. ಬೇಕಂತ ಮಾಡಿದ್ದಕ್ಕೂ ತಪ್ಪಿಗೂ ನೋಡುವವರು ವ್ಯತ್ಯಾಸ ಹೇಗೆ ಗುರುತಿಸ್ಬೇಕು? – ಮೂಡುಬಿದಿರೆಯ ಓದುಗರು

ಉತ್ತರ: ಪತ್ರದ ಜೊತೆ ಕಳಿಸಿದ ಮೂರೂ ಫೋಟೊನ ದೊಡ್ಡದು ಮಾಡಿ ನೋಡಿದೆ ಮೇಡಂ. ನಿಮ್ಮ ಸೀನಿಯರ್ ಒಂದು ನಿಮಿಷ ಜಾಸ್ತಿ ನೋಡಿದ್ದಿದ್ರೆ ಅವರಿಗೂ ಗೊತ್ತಾಗ್ತಿತ್ತು.

ಪ್ಯಾನಿಂಗ್ ಫೋಟೊ ಮುಂದೆ ಬಂದ್ರೆ ಹಿಂದಿನ ಜನರ ಗೆರೆ ನೋಡ್ಬೇಕು. ಕ್ಯಾಮೆರಾ ಕೋಣಗಳ ಜೊತೆ ಸಮವಾಗಿ ತಿರುಗಿದ್ರೆ ಹಿಂದೆ ನಿಂತ ಜನ, ಟ್ಯೂಬ್‌ಲೈಟು, ಬ್ಯಾನರು ಎಲ್ಲಾ ನೇರ ಅಡ್ಡಗೆರೆಗಳಾಗಿ ಎಳೆದ ಹಾಗಿರತ್ವೆ. ಕೈ ನಡುಗಿದ್ರೆ ಅದೇ ಗೆರೆ ಅಂಕುಡೊಂಕಾಗತ್ತೆ, ದೀಪಗಳು ಹುಳ ಹರಿದ ಹಾಗೆ ಕಾಣತ್ವೆ. ನಿಮ್ಮ ಎರಡನೇ ಫೋಟೊದಲ್ಲಿ ಗೆರೆಗಳು ನೇರ ಇವೆ. ಬೇಕಂತಲೇ ಮಾಡಿದ್ದು ಅನ್ನೋದಕ್ಕೆ ಅದೇ ಸಾಕ್ಷಿ, ನೀವು ಬಾಯಲ್ಲಿ ವಾದ ಮಾಡ್ಬೇಕಾಗೇ ಇಲ್ಲ.

ಆಮೇಲೆ, ಎಲ್ಲಾದ್ರೂ ಒಂದು ಕಡೆ ಶಾರ್ಪ್ ಇದ್ಯಾ? ಕಾಲು ಬ್ಲರ್ ಆಗೇ ಆಗತ್ತೆ, ಕೆಸರು ಬ್ಲರ್ ಆಗ್ಬೇಕು, ಆದ್ರೆ ಓಡಿಸುವವನ ಮುಖವೋ ಕೋಣದ ಕಣ್ಣೋ ಒಂದಾದ್ರೂ ಕಣ್ಣು ನಿಲ್ಲೋ ಹಾಗೆ ಇರ್ಬೇಕು. ನಿಮ್ಮ ಮೂರರಲ್ಲೂ ಅದಿಲ್ಲ. ಆ ಸೀನಿಯರ್‌ಗೆ ಏನೋ ಸರಿಯಿಲ್ಲ ಅನ್ಸಿದ್ದು ನಿಜ, ಏನು ಅಂತ ಹುಡುಕದೆ ಡಿಲೀಟ್ ಅಂದ್ಬಿಟ್ರು.

ಅದು ಯಾಕೆ ಹಾಗಾಯ್ತು ಅಂತ ಹುಡುಕಿದ್ರೆ ಷಟರ್ ಸ್ಪೀಡ್‌ಗಿಂತ ಮುಂಚೆ ನೀವು ನಿಂತ ಜಾಗ ಸಿಗತ್ತೆ. ಮಂಜೊಟ್ಟಿ ಅಂದ್ರೆ ಓಟ ಮುಗಿಯೋ ಕಡೆ, ಅಲ್ಲಿ ಕೋಣಗಳು ನಿಮ್ಮ ಎದುರಿಗೇ ನುಗ್ಗಿ ಬರತ್ವೆ. ಎದುರಿಗೆ ಬರೋದು ಪಕ್ಕಕ್ಕೆ ಸರಿಯಲ್ಲ, ಬರ್ತಾ ಬರ್ತಾ ದೊಡ್ಡದಾಗತ್ತೆ, ಅದರ ಜೊತೆ ಕ್ಯಾಮೆರಾ ತಿರುಗಿಸೋಕೆ ಹೆಚ್ಚೇನೂ ಇಲ್ಲ. 1/1600ರಲ್ಲಿ ನೀರು ನಿಲ್ಲಿಸೋರಿಗೆ ಅದು ಒಳ್ಳೇ ಜಾಗ, ಪ್ಯಾನಿಂಗ್‌ಗೆ ಕರೆಯ (ಕೋಣ ಓಡೋ ಕೆಸರಿನ ಓಣಿಯ) ಉದ್ದದ ಮಧ್ಯದಲ್ಲಿ ಬದಿಗೆ ನಿಲ್ಬೇಕು, ಕೋಣ ನಿಮ್ಮ ಎಡದಿಂದ ಬಲಕ್ಕೆ ಹಾದುಹೋಗೋ ಹಾಗೆ. 1/30 ಕೂಡ ಮೊದಲಿಗೆ ತುಂಬಾ ಕಮ್ಮಿ, ಓಡೋ ಮನುಷ್ಯನ ತಲೆ ಮೇಲೆ ಕೆಳಗೆ ಕುಣೀತಾ ಇರತ್ತೆ. 1/80ರಿಂದ ಶುರು ಮಾಡಿ, ಕೈ ಪಳಗಿದ ಹಾಗೆ ಇಳೀರಿ. ಕನೆಹಲಗೆ ವಿಭಾಗದಲ್ಲಿ ಮಾತ್ರ ನಾನು ನಿಮ್ಮ ಸೀನಿಯರ್ ಪಕ್ಷ, ಅಲ್ಲಿ ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಿತಾ ಅನ್ನೋದೇ ಸ್ಪರ್ಧೆ, ಚಿಮ್ಮಿದ ನೀರು ಸ್ಪಷ್ಟ ಕಾಣ್ಬೇಕು, ಸ್ಪೀಡ್ ಏರಿಸಲೇಬೇಕು.

ಈ ಉತ್ತರನ ಅವರಿಗೂ ಓದೋಕೆ ಕೊಡಿ. ಇನ್ಮೇಲೆ ಯಾರದ್ದೇ ಫೋಟೊ ಅರ್ಥ ಆಗ್ಲಿಲ್ಲ ಅಂದ್ರೆ "ಎಲ್ಲಿ ನಿಂತಿದ್ರಿ?" ಅಂತ ಕೇಳಲಿ. ನಾನು ಕಲಿಯೋ ಕಾಲದಲ್ಲಿ ಒಬ್ಬ ಹಿರಿಯರು ನನ್ನ ಪ್ರಿಂಟ್ ಕೈಲಿ ಹಿಡ್ಕೊಂಡು ಸುಮಾರು ಹೊತ್ತು ಸುಮ್ನಿದ್ದು ಇದನ್ನೇ ಕೇಳಿದ್ರು, ಉತ್ತರ ಹೇಳ್ತಾ ಹೇಳ್ತಾ ನನಗೇ ನನ್ನ ತಪ್ಪು ಕಂಡಿತ್ತು. ಇವತ್ತಿಗೂ ನಾನು ಮೊದಲು ಕೇಳೋದು ಅದನ್ನೇ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ನಮ್ಮ ಜೊತೆ ಬರೋ ಹತ್ತೊಂಬತ್ತರ ಹುಡುಗ ಅರಮನೆ ದೀಪಾಲಂಕಾರದ ಫೋಟೊಗೆ ಆಕಾಶ ನೇರಳೆ, ಅರಮನೆ ಕಡು ಅರಿಶಿನ ಮಾಡಿ ತಂದಿದ್ದ. ನಾನು ಪ್ರೀತಿಯಿಂದಲೇ ನನ್ನ ಮೊಬೈಲಲ್ಲಿ ಅದನ್ನ ಸರಿಮಾಡಿ "ಹೀಗಿರ್ಬೇಕಪ್ಪ" ಅಂತ ವಾಪಸ್ ಕಳಿಸಿದೆ. ಉತ್ತರನೇ ಬರ್ಲಿಲ್ಲ. – ಮೈಸೂರಿನ ಓದುಗರು

ಉತ್ತರ: ಕೇಳದೆ ತಿದ್ದಬಾರದಿತ್ತು ಮೇಷ್ಟ್ರೇ. ಪ್ರೀತಿ ಇತ್ತು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ, ಆದ್ರೂ ಅದು ಅವನ ಫೋಟೊ.

ಆಕಾಶ ನೇರಳೆ ಇರೋದು ಅವನ ರುಚಿ. ನಿಮಗೂ ನನಗೂ ಹಿಡಿಸ್ದೇ ಇರಬಹುದು, "ನನಗೆ ಹಿಡಿಸ್ಲಿಲ್ಲ" ಅಂತ ಹೇಳಿ ಬಿಟ್ಬಿಡಿ. ಆದ್ರೆ ಲಕ್ಷದ ಹತ್ರ ಬಲ್ಬು ಇರೋ ಅರಮನೆ ಒಂದೇ ಹಳದಿ ಹಾಳೆ ಥರ ಆಗಿ ಕಮಾನಿನ ಸಾಲು, ಗೋಪುರದ ಅಂಚು ಎಲ್ಲಾ ಕರಗಿಹೋಗಿದ್ರೆ ಅದು ರುಚಿ ಪ್ರಶ್ನೆ ಅಲ್ಲ, ವಿವರ ಹೋಗಿದೆ, ಅದನ್ನ ಹೇಳಲೇಬೇಕು. ಮತ್ತೆ ಅವನು ನೇರಳೆ ಯಾಕೆ ತುಂಬಿದ ಅಂತ ಯೋಚನೆ ಮಾಡಿ. ಭಾನುವಾರ ದೀಪ ಹಾಕೋದು ಸಾಮಾನ್ಯವಾಗಿ ಸಂಜೆ 7ಕ್ಕೆ. ಡಿಸೆಂಬರಲ್ಲಿ ಮೈಸೂರಲ್ಲಿ ಸೂರ್ಯ 6 ಗಂಟೆ ಹೊತ್ತಿಗೆ ಮುಳುಗಿರ್ತಾನೆ, ಏಳಕ್ಕೆ ಆಕಾಶ ಕಪ್ಪೇ ಕಪ್ಪು. ಬರೀ ಕಪ್ಪು ಅವನಿಗೆ ಬೇಜಾರಾಗಿ ಬಣ್ಣ ತುಂಬಿರ್ತಾನೆ. ಮೇ ಜೂನಲ್ಲಿ ಮುಳುಗೋದೇ ಮುಕ್ಕಾಲು ಗಂಟೆ ತಡ, ಮೋಡ ಇಲ್ದಿದ್ರೆ ದೀಪ ಹತ್ತಿದಾಗ ಆಕಾಶದಲ್ಲಿ ನಿಜವಾದ ನೀಲಿ ಇನ್ನೂ ಉಳಿದಿರತ್ತೆ. ಇದನ್ನ ಹೇಳಿ, ಅವನು ಕುಣ್ಕೊಂಡು ಹೋಗ್ತಾನೆ.

ಕ್ರಾಪ್ ಬಗ್ಗೆ ಏನಾದ್ರೂ ತೋರಿಸ್ಬೇಕು ಅಂದ್ರೆ ಹಳೇ ಕ್ಲಬ್ಬಿನವರ ದಾರಿ ಹಿಡೀರಿ. ಕಪ್ಪು ಚಾರ್ಟ್ ಪೇಪರಲ್ಲಿ ಇಂಗ್ಲಿಷಿನ ಎಲ್ ಆಕಾರದ ಎರಡು ಪಟ್ಟಿ ಕತ್ತರಿಸ್ಕೊಳ್ಳಿ, ಎರಡು ಬೆರಳು ಅಗಲ ಇರಲಿ. ಅವನ ಪ್ರಿಂಟ್ ಮೇಜಿನ ಮೇಲಿಟ್ಟು ಎರಡೂ ಪಟ್ಟಿನ ಎದುರುಬದುರು ಇಟ್ಟು ಚೌಕಟ್ಟು ಮಾಡಿ, ಅವನ ಕೈಗೇ ಕೊಡಿ. ಅವನೇ ಸರಿಸ್ತಾನೆ, ಎಡಗಡೆ ಬಂದಿರೋ ಯಾರದ್ದೋ ತಲೆ ಮುಚ್ಚಿ ನೋಡ್ತಾನೆ, ಮತ್ತೆ ತೆಗೆದು ನೋಡ್ತಾನೆ. ಪಟ್ಟಿ ಎತ್ತಿದ್ರೆ ಫೋಟೊ ಇದ್ದ ಹಾಗೇ ಇರತ್ತೆ, ಏನೂ ಹಾಳಾಗಿರಲ್ಲ.

ಪ್ರಶ್ನೆ: ಒಬ್ಬರು ಸೂರಕ್ಕಿ ಗೂಡಿನ ಫೋಟೊ ತೋರಿಸಿದ್ರು, ಮರಿಗಳು ಬಾಯಿ ತೆರ್ಕೊಂಡಿರೋದು. ಸುತ್ತ ಎಲೆ ಕತ್ತರಿಸಿದ್ದು ಗೊತ್ತಾಗ್ತಿತ್ತು. ಎಲ್ಲರೂ ಲೈಟ್ ಚೆನ್ನಾಗಿದೆ ಅಂದ್ರು, ನಾನೂ ಸುಮ್ನಾದೆ. – ಚಿಕ್ಕಮಗಳೂರಿನ ಓದುಗರು

ಉತ್ತರ: ಲೈಟ್ ಚೆನ್ನಾಗಿ ಬಿದ್ದಿದ್ದು ಎಲೆ ಕತ್ತರಿಸಿದ್ದಕ್ಕೇ. ಅದೇ ಎಲೆ ಮರಿಗಳಿಗೆ ನೆರಳಾಗಿತ್ತು, ಕಾಗೆ ಕೆಂಬೂತದ ಕಣ್ಣಿಗೆ ಬೀಳದ ಹಾಗೆ ಕಾಯ್ತಿತ್ತು. ಇಂಥ ಫೋಟೊಗೆ ಕಂಪೋಸಿಷನ್ ಬಗ್ಗೆ ಒಂದು ಮಾತೂ ಬೇಡ, ಒಳ್ಳೇದೂ ಬೇಡ ಕೆಟ್ಟದ್ದೂ ಬೇಡ. ಅವರನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ನೇರವಾಗಿ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡೋದೂ ಸೇರಿದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ಗೊತ್ತಿಲ್ದೆ ಮಾಡಿರ್ತಾರೆ ಅಂತಲೇ ಮಾತು ಶುರು ಮಾಡಿ. ಆದ್ರೆ ಸುಮ್ನಿರಬೇಡಿ, ನೀವು ಸುಮ್ನಿದ್ರೆ ಅಲ್ಲಿ ಕೂತ ಹೊಸಬರು ಮುಂದಿನ ವಾರ ಕತ್ತರಿ ತಗೊಂಡು ಹೊರಡ್ತಾರೆ.

ಪ್ರಶ್ನೆ: ನಾನು ಮೊಬೈಲಲ್ಲಿ ಬೇಲೂರಿನ ಮದನಿಕೆಯರ ಫೋಟೊ ತೆಗೆದು ತೋರಿಸಿದ್ರೆ "ಮೊದ್ಲು ಒಂದು ಕ್ಯಾಮೆರಾ ತಗೊಳ್ಳಮ್ಮ" ಅಂದ್ರು. ಅಷ್ಟೇನಾ? – ಹಾಸನದ ಓದುಗರು

ಉತ್ತರ: ಅಷ್ಟೇ ಅಲ್ಲ ತಾಯಿ. ಅವರು ಫೋಟೊ ನೋಡ್ಲಿಲ್ಲ, ಫೋನ್ ನೋಡಿದ್ರು. ನಾನು ನೋಡಿದೆ. ಬೆಳಕು ತುಂಬಾ ಚೆನ್ನಾಗಿ ಹಿಡಿದಿದೀರಿ, ಮದನಿಕೆಯರು ಇರೋದು ಸೂರಿನ ಕೆಳಗೆ ನೆರಳಲ್ಲಿ, ನೆಲದ ಕಲ್ಲಿಂದ ಪುಟಿದು ಬಂದ ಬೆಳಕು ಮುಖದ ಮೇಲೆ ಮೆತ್ತಗೆ ಬಿದ್ದಿದೆ, ಕೊರಳ ಹಾರದ ಒಂದೊಂದು ಮಣಿನೂ ಎಣಿಸಬಹುದು. ಕಾಲು ದೊಡ್ಡದಾಗಿ ತಲೆ ಚಿಕ್ಕದಾಗಿ ಕಾಣ್ತಿರೋದೊಂದೇ ತೊಂದರೆ, ಅದು ತೀರಾ ಕೆಳಗೆ ನಿಂತು ಫೋನಿನ ವೈಡ್ ಲೆನ್ಸಲ್ಲಿ ತೆಗೆದಿದ್ದಕ್ಕೆ. ಜಗಲಿ ಇಳಿದು ಅಂಗಳದಲ್ಲಿ ಹಿಂದಕ್ಕೆ ಹೋಗಿ, ಫೋನಲ್ಲಿ 2 ಅಥವಾ 3 ಪಟ್ಟಿನ ಬೇರೆ ಲೆನ್ಸ್ ಇದ್ರೆ ಅದರಲ್ಲಿ ತೆಗೀರಿ, ಬೆರಳಲ್ಲಿ ಎಳೆದು ಜೂಮ್ ಮಾಡಬೇಡಿ. ಬರಿಗಾಲಲ್ಲಿ ನಿಲ್ಬೇಕು, ಮಧ್ಯಾಹ್ನ ಅಂಗಳದ ಕಲ್ಲು ಕಾದಿರತ್ತೆ, ಬೆಳಿಗ್ಗೆ ಬೇಗ ಹೋಗಿ. ಅದೇ ಮದನಿಕೆಯನ್ನ ಹೀಗೆ ತೆಗೆದು ಹಳೇದರ ಜೊತೆ ಕಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.