ಕಾಲು ನೆಲಕ್ಕೆ ಎಟುಕಬೇಕು ನಿಜ; ಅದಕ್ಕಾಗಿ ಬೈಕನ್ನು ಎಷ್ಟು ಇಳಿಸಬಹುದು?

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು, ತೂಕ 48 ಕಿಲೋ. ಅಣ್ಣ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವಾಗ ತನ್ನ ಯಮಹಾ ಆರ್15 ವಿ4 ಬೈಕನ್ನು ನನಗೆ ಬಿಟ್ಟುಹೋದ. ಕುಳಿತರೆ ಎರಡೂ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಪರಿಚಯದ ಗ್ಯಾರೇಜಿನಲ್ಲಿ ಹಿಂಬದಿಯ ಸಸ್ಪೆನ್ಷನ್‌ನ ಲಿಂಕ್ ಎಂಬ ಜೋಡಣೆ ಪಟ್ಟಿ ಬದಲಿಸಿ ಒಂದೂವರೆ ಇಂಚು ಇಳಿಸಿಕೊಟ್ಟರು. ಈಗ ಕಾಲೇನೋ ಎಟುಕುತ್ತದೆ. ಆದರೆ ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕು ವಾಲದೆ ನೆಟ್ಟಗೆ ನಿಲ್ಲುತ್ತದೆ. ಒಮ್ಮೆ ಕಾಫಿ ಕಣದಲ್ಲಿ ಬಲಕ್ಕೆ ಮಗುಚಿಬಿತ್ತು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಮೊದಲಿನಂತೆ ಸಲೀಸಾಗಿ ತಿರುಗುವುದಿಲ್ಲ, ರಸ್ತೆಯ ಆ ಬದಿಗೆ ಎಳೆದುಕೊಂಡು ಹೋಗುತ್ತದೆ. ತೋಟದ ದಾರಿಯಲ್ಲಿ ಹೊಟ್ಟೆ ಕಲ್ಲಿಗೆ ಉಜ್ಜುತ್ತದೆ. ಇದನ್ನು ಸರಿಪಡಿಸಲು ಸಾಧ್ಯವೇ, ಅಥವಾ ಈ ಬೈಕೇ ನನಗೆ ಹೇಳಿದ್ದಲ್ಲವೇ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಬೈಕು ನಿಮಗೆ ಹೇಳಿದ್ದೇ. ಕೆಲಸ ಅರ್ಧಕ್ಕೆ ನಿಂತಿದೆ, ಅಷ್ಟೆ. ಹಿಂದೆ ಮಾತ್ರ ಇಳಿಸಿ, ಮುಂದಿನದನ್ನೂ ಸೈಡ್ ಸ್ಟ್ಯಾಂಡನ್ನೂ ಹೆಡ್‌ಲೈಟನ್ನೂ ಇದ್ದಂತೆಯೇ ಬಿಟ್ಟು ಕೊಟ್ಟಿದ್ದಾರೆ. ನೀವು ಬರೆದಿರುವ ಮೂರು ತೊಂದರೆಗಳೂ ಅಲ್ಲಿಂದಲೇ ಹುಟ್ಟಿವೆ.

ಮೊದಲು ತಿರುವಿನ ವಿಷಯ. ಆರ್15 ವಿ4ರ ಎರಡು ಚಕ್ರಗಳ ನಡುವಿನ ಅಂತರ 1325 ಮಿಲಿಮೀಟರ್. ಹಿಂಬದಿಯನ್ನು ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ಇಳಿಸಿದರೆ ಇಡೀ ಬೈಕು ಸುಮಾರು ಒಂದೂವರೆ ಡಿಗ್ರಿ ಹಿಂದಕ್ಕೆ ವಾಲುತ್ತದೆ. ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ, ಅಂದರೆ ಫೋರ್ಕ್, ಅಷ್ಟೇ ಡಿಗ್ರಿ ಹೆಚ್ಚು ಒರಗುತ್ತದೆ. ಫೋರ್ಕಿನ ಓರೆ ಹೆಚ್ಚಿದಂತೆ ಟ್ರೇಲ್ ಎಂಬ ಅಳತೆಯೂ ಬೆಳೆಯುತ್ತದೆ. ಹ್ಯಾಂಡಲ್ ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ತಾಗುವ ಬಿಂದುವಿಗೂ ಟೈರು ನೆಲ ಮುಟ್ಟುವ ಬಿಂದುವಿಗೂ ಇರುವ ದೂರವೇ ಟ್ರೇಲ್. ನಿಮ್ಮ ಬೈಕಿನಲ್ಲಿ ಅದು ಹತ್ತು ಮಿಲಿಮೀಟರಿನಷ್ಟು ಹೆಚ್ಚಿರುತ್ತದೆ. ನೇರ ಹೆದ್ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಬೈಕು ಇನ್ನೂ ಸ್ಥಿರವಾಗಿದೆ ಎನ್ನಿಸಲೂಬಹುದು. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಬಣ್ಣ ಬಯಲಾಗುತ್ತದೆ: ಹ್ಯಾಂಡಲ್ ಭಾರ, ತಿರುವಿಗೆ ಇಳಿಯಲು ಹಿಂಜರಿಕೆ, ತಿರುವಿನ ನಡುವೆ ಥ್ರಾಟಲ್ ಕೊಟ್ಟರೆ ಹಿಂಬದಿ ಇನ್ನಷ್ಟು ಕುಸಿದು ಹೊರಕ್ಕೆ ಸರಿಯುವುದು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಮೊದಲು ಹಿಂದಕ್ಕೆ ಇಳಿಜಾರಾಗಿತ್ತು. ಆ ಇಳಿಜಾರೇ ವೇಗ ಕೊಟ್ಟಾಗ ಬೈಕಿನ ಹಿಂಬದಿ ಕುಸಿಯದಂತೆ ತಡೆಯುತ್ತಿತ್ತು. ಈಗ ಅದು ಚಪ್ಪಟೆಯಾಗಿದೆ. ಎದುರಿನಿಂದ ಕೆಎಸ್‌ಆರ್‌ಟಿಸಿ ಬಸ್ ಇಳಿದು ಬರುವ ರಸ್ತೆಯಲ್ಲಿ ಇದನ್ನು ಅಭ್ಯಾಸ ಮಾಡಿಕೊಂಡು ಓಡಿಸುತ್ತೇನೆ ಎನ್ನಬೇಡಿ.

ಇಷ್ಟೆಲ್ಲ ಕಳೆದುಕೊಂಡು ಪಡೆದದ್ದೆಷ್ಟು? ಗ್ಯಾರೇಜಿನವರು ಒಂದೂವರೆ ಇಂಚು ಅಂದದ್ದು ಹಿಂದಿನ ಚಕ್ರದ ನೇರಕ್ಕೆ. ನೀವು ಕೂರುವುದು ಅಲ್ಲಿ ಅಲ್ಲ, ಎರಡು ಚಕ್ರಗಳ ನಡುವೆ. ಆದ್ದರಿಂದ ಸೀಟು ಇಳಿದಿರುವುದು ಒಂದು ಇಂಚಿಗಿಂತ ತುಸು ಹೆಚ್ಚು, ಅಷ್ಟೇ. ಆ ಒಂದು ಇಂಚನ್ನು ಲಿಂಕ್ ಮುಟ್ಟದೆಯೂ ಬಹುಪಾಲು ಗಳಿಸಬಹುದಿತ್ತು.

ಹೇಗೆ ಎಂದರೆ, ಸೀಟಿನಿಂದ ಶುರುಮಾಡಬೇಕು. ಈ ಬೈಕಿನ ಸೀಟಿನ ಎತ್ತರ 815 ಮಿಲಿಮೀಟರ್. ಆದರೆ ನಿಮ್ಮ ಕಾಲಿಗೆ ಲೆಕ್ಕಕ್ಕೆ ಬರುವುದು ಎತ್ತರವೊಂದೇ ಅಲ್ಲ, ಟ್ಯಾಂಕಿಗೆ ಹೊಂದಿಕೊಂಡ ಭಾಗದಲ್ಲಿ ಸೀಟು ಎಷ್ಟು ಅಗಲವಿದೆ ಎನ್ನುವುದೂ ಹೌದು. ಅಗಲ ಹೆಚ್ಚಿದ್ದರೆ ತೊಡೆಗಳು ಹೊರಕ್ಕೆ ಚಾಚಿ ಕಾಲಿನ ಉದ್ದ ವ್ಯರ್ಥವಾಗುತ್ತದೆ. ಸೀಟು ಹೊಲಿಯುವವರ ಬಳಿ ಹೋಗಿ ಮೇಲಿನಿಂದ 15 ಮಿಲಿಮೀಟರ್ ಫೋಮ್ ತೆಗೆಸಿ, ಮುಂದಿನ ಎರಡು ಅಂಚುಗಳನ್ನು ಧಾರಾಳವಾಗಿ ಕೆತ್ತಿಸಿ. ಒಮ್ಮೆಲೇ ಕೊರೆಯಲು ಬಿಡಬೇಡಿ. ಸ್ವಲ್ಪ ತೆಗೆದು, ಬೈಕಿಗೆ ಹಾಕಿ, ನೀವು ಕುಳಿತು ನೋಡಿ, ಮತ್ತೆ ಸ್ವಲ್ಪ ತೆಗೆಯಬೇಕು. ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾದರೆ ಬ್ರೇಕ್ ಹಿಡಿದಾಗಲೆಲ್ಲ ಮುಂದಕ್ಕೆ ಜಾರುತ್ತೀರಿ, ಅದನ್ನು ಗಮನಿಸಿ. ಕವರಿನ ಹೊಲಿಗೆ ಮೇಲ್ಭಾಗದಲ್ಲಿ ಬರದಿರಲಿ. ನಮ್ಮ ಜೂನ್–ಜುಲೈ ಮಳೆಗೆ ಆ ಸೂಜಿತೂತುಗಳಿಂದ ನೀರಿಳಿದು ಫೋಮ್ ಕುಡಿದುಕೊಂಡರೆ ಸೆಪ್ಟೆಂಬರಿನವರೆಗೆ ಒದ್ದೆ ಸೀಟೇ ಗತಿ.

ಜೊತೆಗೆ ದಪ್ಪ ಅಟ್ಟೆಯ ರೈಡಿಂಗ್ ಬೂಟು. ಅದರಿಂದ ಎರಡು ಸೆಂಟಿಮೀಟರ್ ಸಿಗುತ್ತದೆ, ಬೈಕಿನ ಒಂದು ಬೋಲ್ಟನ್ನೂ ಮುಟ್ಟದೆ. ತೋಟಕ್ಕೆ ಹಾಕುವ ಗಂಬೂಟು ಬೇಡ. ಅದರಲ್ಲಿ ಗೇರು ಬಿತ್ತೋ ಇಲ್ಲವೋ ಪಾದಕ್ಕೆ ತಿಳಿಯುವುದೇ ಇಲ್ಲ.

ಇಷ್ಟಾದ ಮೇಲೂ ಸಾಲದೆನಿಸಿದರೆ ಸಸ್ಪೆನ್ಷನ್‌ಗೆ ಕೈ ಹಾಕಬಹುದು. ಈ ಬೈಕಿನಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ನೇರವಾಗಿ ಸ್ವಿಂಗ್‌ಆರ್ಮಿಗೆ ಕೂರದೆ, ನಡುವೆ ಲಿಂಕ್ ಇದೆ. ಈ ಬಗೆಯ ಬಹುತೇಕ ಬೈಕುಗಳಲ್ಲಿ ಲಿಂಕಿನ ಪಟ್ಟಿ ಉದ್ದವಾದರೆ ಹಿಂಬದಿ ಇಳಿಯುತ್ತದೆ. ಪಟ್ಟಿ ಉದ್ದವಾದ ಪ್ರತಿ ಮಿಲಿಮೀಟರಿಗೂ ಹಿಂಬದಿ ಅದರ ಹಲವು ಪಟ್ಟು ಇಳಿಯುವುದರಿಂದ, ತೂತುಗಳನ್ನು ಅಂದಾಜಿನ ಮೇಲೆ ಕೊರೆದ ಕಬ್ಬಿಣದ ಪಟ್ಟಿ ಅಪಾಯ. ಎಡ ಬಲ ಪಟ್ಟಿಗಳ ನಡುವೆ ಅರ್ಧ ಮಿಲಿಮೀಟರ್ ವ್ಯತ್ಯಾಸ ಬಂದರೂ ಬೇರಿಂಗ್ ತಿರುಚುತ್ತದೆ. ನಿಮ್ಮದನ್ನು ಬಿಚ್ಚಿಸಿ, ಎರಡನ್ನೂ ಒಂದರ ಮೇಲೊಂದು ಇಟ್ಟು ತೂತುಗಳಲ್ಲಿ ಬೋಲ್ಟ್ ತೂರಿಸಿ ನೋಡಿ. ಎರಡು ಬೋಲ್ಟ್‌ಗಳೂ ತಡೆಯಿಲ್ಲದೆ ಹೋಗದಿದ್ದರೆ ಅದನ್ನು ಗುಜರಿಗೆ ಹಾಕಿ.

ನನ್ನ ಸಲಹೆ: ಹಿಂದೆ 38ರ ಬದಲು 15, ಹೆಚ್ಚೆಂದರೆ 20 ಮಿಲಿಮೀಟರ್ ಇಳಿಯುವ, ಯಂತ್ರದಲ್ಲಿ ಕೊರೆದ ಲಿಂಕ್ ಹಾಕಿಸಿ. ಮುಂದೆಯೂ ಹತ್ತರಿಂದ ಹದಿನೈದು ಮಿಲಿಮೀಟರ್ ಇಳಿಸಿ. ಫೋರ್ಕನ್ನು ಕಚ್ಚಿ ಹಿಡಿದಿರುವ ಮೇಲಿನ, ಕೆಳಗಿನ ಕ್ಲ್ಯಾಂಪ್‌ಗಳನ್ನು ಸಡಿಲಿಸಿ, ಕೊಳವೆಗಳನ್ನು ಮೇಲಕ್ಕೆ ಜಾರಿಸಿದರೆ ಮುಂಭಾಗ ಇಳಿಯುತ್ತದೆ. ಆಗ ಬೈಕಿನ ಮುಂಭಾರವನ್ನು ಗ್ಯಾರೇಜಿನ ಸ್ಟ್ಯಾಂಡ್ ಹೊತ್ತಿರಬೇಕು, ಸೈಡ್ ಸ್ಟ್ಯಾಂಡ್ ಅಲ್ಲ. ಐದೈದು ಮಿಲಿಮೀಟರಿನಂತೆ ಜಾರಿಸಬೇಕು. ಎರಡೂ ಬದಿ ಸ್ಕೇಲಿನಿಂದ ಅಳೆದು ಸಮ ಇರಬೇಕು. ಬಿಗಿಯುವಾಗ ಟಾರ್ಕ್ ವ್ರೆಂಚ್ (ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್) ಕಡ್ಡಾಯ, ಕೈ ಅಂದಾಜು ಇಲ್ಲಿ ನಡೆಯದು. ಆಮೇಲೆ ಕೆಳಗಿನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿ, ಮೇಲಿನ ಸೀಲಿಗೆ ತಾಗಿಸಿ, ಖಾಲಿ ಜಾಗದಲ್ಲಿ ಒಂದೆರಡು ಬಾರಿ ಜೋರಾಗಿ ಬ್ರೇಕ್ ಹಾಕಿ. ಫೋರ್ಕ್ ಎಷ್ಟು ಕುಗ್ಗಿತು ಎಂಬುದನ್ನು ಟೈ ತೋರಿಸುತ್ತದೆ. ಅದು ಪೂರ್ತಿ ಕುಗ್ಗಿದರೂ ಟೈರು, ಮಡ್‌ಗಾರ್ಡ್ ಯಾವುದೂ ರೇಡಿಯೇಟರಿಗಾಗಲಿ ಬೈಕಿನ ಹೊರಕವಚವಾದ ಫೇರಿಂಗಿಗಾಗಲಿ ತಾಗಬಾರದು. ಮುಂದೆಯೂ 38 ಇಳಿಸಿ ಸಮ ಮಾಡಿಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅಷ್ಟು ಜಾಗ ಅಲ್ಲಿ ಇಲ್ಲ.

ನೆಲದಿಂದ ಹೊಟ್ಟೆಯ ಎತ್ತರ ಈ ಬೈಕಿಗೆ ಕಂಪನಿಯಿಂದ ಬರುವಾಗಲೇ 170 ಮಿಲಿಮೀಟರ್. ಅದರಲ್ಲಿ ಹದಿನೈದು ಹೋದರೆ ಹಂಪ್ ದಾಟಬಹುದು. ಮೂವತ್ತು ಹೋದರೆ ಮಳೆಗೆ ಕೊರೆದುಹೋದ ತೋಟದ ದಾರಿ ನಿಮ್ಮದಲ್ಲ. ಬಾಗಿದಾಗ ಫುಟ್‌ಪೆಗ್ ರಸ್ತೆಗೆ ತಾಗುವುದೂ ಬೇಗ ಆಗುತ್ತದೆ.

ಸೈಡ್ ಸ್ಟ್ಯಾಂಡ್ ಎಷ್ಟು ಕತ್ತರಿಸಬೇಕು ಎನ್ನುವುದಕ್ಕೆ ಒಂದು ಸುಲಭ ಉಪಾಯವಿದೆ. ಎಲ್ಲ ಇಳಿಸುವಿಕೆ ಮುಗಿದ ಮೇಲೆ, ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಎರಡೂ ಚಕ್ರಗಳ ಅಡಿಗೆ ಒಂದೇ ದಪ್ಪದ ಹಲಗೆ ಇಡಿ. ಸ್ಟ್ಯಾಂಡ್ ಮಾತ್ರ ನೆಲದ ಮೇಲಿರಲಿ. ಬೈಕು ಮೊದಲಿನಂತೆ ವಾಲುವವರೆಗೆ ತೆಳು ಹಲಗೆಗಳನ್ನು ಸೇರಿಸುತ್ತ ಹೋಗಿ. ಆ ಹಲಗೆಗಳ ಒಟ್ಟು ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಕತ್ತರಿಸಿದರೆ ಸರಿ, ಏಕೆಂದರೆ ಸ್ಟ್ಯಾಂಡ್ ಓರೆಯಾಗಿ ನಿಲ್ಲುತ್ತದೆ. ವೆಲ್ಡಿಂಗ್ ಮಾಡುವಾಗ ಸ್ಟ್ಯಾಂಡನ್ನು ಬೈಕಿನಿಂದ ಕಳಚಿಯೇ ಮಾಡಿಸಿ. ಬೈಕಿನಲ್ಲಿದ್ದಂತೆಯೇ ವೆಲ್ಡ್ ಮಾಡಿದರೆ ಆ ಕರೆಂಟು ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕವನ್ನು (ಇಸಿಯು) ಸುಡಬಹುದು, ಸ್ಟ್ಯಾಂಡ್ ಸ್ವಿಚ್ ಶಾಖಕ್ಕೆ ಕರಗಬಹುದು. ಹೇಗೂ ವೆಲ್ಡಿಂಗ್ ಆಗುತ್ತಿದೆ ಎಂದಾದರೆ ಅಡಿಯ ತಟ್ಟೆಯನ್ನು ಅಗಲ ಮಾಡಿಸಿಕೊಳ್ಳಿ, ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಹೂತುಹೋಗುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಮುಂದಿನ ಚಕ್ರ ಏರುಮುಖವಾಗಿರಲಿ, ಮೊದಲ ಗೇರಿನಲ್ಲಿರಲಿ.

ಹೆಡ್‌ಲೈಟನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಹಿಂಬದಿ ಇಳಿದಾಗ ಬೆಳಕು ಮೇಲೇರುತ್ತದೆ. ಮಡಿಕೇರಿಯ ಮಂಜಿನಲ್ಲಿ ಮೇಲೇರಿದ ಬೆಳಕು ರಸ್ತೆಯನ್ನು ತೋರಿಸದೆ ಬಿಳಿ ಗೋಡೆಯಾಗಿ ನಿಮ್ಮ ಕಣ್ಣಿಗೇ ಮರಳುತ್ತದೆ. ಎದುರಿನವರಿಗೆ ಕಣ್ಣು ಕೋರೈಸುವುದು ಬೇರೆ. ಸರಿಹೊಂದಿಸುವ ಸ್ಕ್ರೂ ಇದೆ, ಗ್ಯಾರೇಜಿನಲ್ಲೇ ಕೇಳಿ ಮಾಡಿಸಿ. ಚೈನನ್ನೂ ಮತ್ತೆ ಅಳೆಯಬೇಕು: ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ಕೀಲು, ಹಿಂದಿನ ಅಚ್ಚು ಮೂರೂ ಒಂದೇ ಗೆರೆಗೆ ಬರುವಂತೆ ಯಾರನ್ನಾದರೂ ಕೂರಿಸಿ ಒತ್ತಿಸಿದಾಗಲೂ ಚೈನು ತುಸು ಅಲುಗಾಡಬೇಕು. ಅಲ್ಲಿಯೇ ಅದು ಅತಿ ಬಿಗಿಯಾಗುವುದು.

ಕೊನೆಗೆ ಒಂದು ಮಾತು, ಇದು ಬೈಕಿನದಲ್ಲ, ನಿಮ್ಮದು. ಎರಡೂ ಪಾದ ಪೂರ್ತಿ ಊರಬೇಕು ಎಂಬ ಹಟ ಬಿಡಿ. ಒಂದು ಪಾದದ ಮುಂಭಾಗ ಗಟ್ಟಿಯಾಗಿ ಊರಿದರೆ ಸಾಕು. ನಿಲ್ಲುವ ಮೊದಲೇ ಸೊಂಟವನ್ನು ಸೀಟಿನ ಎಡ ಅಂಚಿಗೆ ಸರಿಸಿ, ಎಡಗಾಲು ಊರಿ, ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೆ ಇಟ್ಟುಕೊಳ್ಳಿ. ಏರಿನಲ್ಲಿ ಹೊರಡುವಾಗ ಬೈಕು ಹಿಂದಕ್ಕೆ ಜಾರುವುದಿಲ್ಲ. ನಿಲ್ಲುವ ಜಾಗವನ್ನು ಹತ್ತು ಅಡಿ ಮೊದಲೇ ಆರಿಸಿ. ಎಡಗಾಲು ಬೀಳುವಲ್ಲಿ ಗುಂಡಿಯೋ ಚರಂಡಿಯೋ ಇದ್ದರೆ ಎಷ್ಟು ಇಳಿಸಿದ ಬೈಕಾದರೂ ಬೀಳುತ್ತದೆ. ಮನೆಯಂಗಳದಲ್ಲಿ ಒಂದು ವಾರ ಇದನ್ನೇ ಅಭ್ಯಾಸ ಮಾಡಿ, ಆಮೇಲೆ 20 ಮಿಲಿಮೀಟರ್ ಲಿಂಕ್ ಬೇಕೋ 15 ಸಾಕೋ ನಿರ್ಧರಿಸಿ. ಲಿಂಕೇ ಬೇಡ ಎನ್ನಿಸಿದರೆ ಇನ್ನೂ ಒಳ್ಳೆಯದು, ಹಳೆಯದನ್ನೇ ಹಾಕಿಸಿ.

ಪ್ರಶ್ನೆ: ನನ್ನದು ಟಿವಿಎಸ್ ಅಪಾಚೆ ಆರ್‌ಆರ್ 310. ಹಿಂದಿನ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಬೈಕು ತಗ್ಗಾಗುತ್ತದೆ, ಖರ್ಚೂ ಇಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಮಾಡಿಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಡುಸಾಗುತ್ತದೆ, ಶಾಕಿನೊಳಗಿನ ಎಣ್ಣೆಯ ಹಿಡಿತ ಹಳೆಯ ಸ್ಪ್ರಿಂಗಿಗೆ ಹೊಂದಿಸಿದ್ದೇ ಉಳಿಯುತ್ತದೆ. ಕತ್ತರಿಸಿದ ತುದಿ ಚಪ್ಪಟೆಯಾಗಿ ಕೂರುವುದಿಲ್ಲ; ಚಕ್ರ ಗಾಳಿಯಲ್ಲಿ ತೇಲಿದ ಕ್ಷಣ ಸ್ಪ್ರಿಂಗ್ ತನ್ನ ಜಾಗದಿಂದ ಹೊರಳಲೂಬಹುದು.

ನಿಮ್ಮ ಬೈಕಿನ ಸೀಟು 810 ಮಿಲಿಮೀಟರ್, ಹಿಂದಿನ ಶಾಕಿಗೆ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿರಬೇಕು ಎಂಬುದನ್ನು, ಹೊಂದಿಸುವ ಸೌಲಭ್ಯವಿದೆ. ಹಗುರ ಸವಾರರಿಗೆ ಅಲ್ಲೇ ಸ್ವಲ್ಪ ಉಳಿತಾಯ ಸಿಗುತ್ತದೆ. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಅಚ್ಚಿನಿಂದ ನೇರ ಮೇಲೆ ಬಾಲದ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಜಾಕೆಟ್, ಹೆಲ್ಮೆಟ್ ಸಮೇತ ನೀವು ಕುಳಿತು, ಇನ್ನೊಬ್ಬರು ಮುಂದಿನಿಂದ ಬೈಕನ್ನು ಹಿಡಿದಿರುವಾಗ ಅದೇ ಅಳತೆ ತೆಗೆಯಿರಿ. ವ್ಯತ್ಯಾಸ 30 ಮಿಲಿಮೀಟರ್ ಆಸುಪಾಸು ಇರಬೇಕು. 20 ಬಂದರೆ ಪ್ರಿಲೋಡ್ ಕಡಿಮೆ ಮಾಡಿ: ಬೈಕು ತಗ್ಗುತ್ತದೆ, ಕೆಟ್ಟ ರಸ್ತೆಯಲ್ಲಿ ಟೈರಿನ ಹಿಡಿತವೂ ಸುಧಾರಿಸುತ್ತದೆ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಮಾಕುಟ್ಟ ಘಾಟಿ ಇಳಿಯುವ ದಿನ ಮತ್ತೆ ಮೊದಲಿನಂತೆ ಮಾಡಿಕೊಳ್ಳಿ.

ಪ್ರಶ್ನೆ: ಬೈಕು ಇಳಿಸಿದರೆ ಆರ್‌ಟಿಒ ತೊಂದರೆ ಕೊಡುತ್ತಾರೆಯೇ? ವಿಮೆ ಸಿಗುತ್ತದೆಯೇ?
– ಓದುಗರು, ಗೋಣಿಕೊಪ್ಪಲು

ಉತ್ತರ: ನೋಂದಣಿ ಪತ್ರದಲ್ಲಿ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಸೀಟಿನ ಫೋಮ್ ತೆಗೆಸುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಲಿಂಕ್ ಬದಲಾವಣೆ ಹಾಗಲ್ಲ. ಹಾಕಿಸುವ ಮೊದಲೇ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ ಉತ್ತರವನ್ನು ಇಟ್ಟುಕೊಳ್ಳಿ. ತಿಳಿಸದೆ ಅಪಘಾತವಾದರೆ ಪರಿಹಾರದ ಹೊತ್ತಿನಲ್ಲಿ ಅವರು ಮೊದಲು ಬೆರಳಿಡುವುದು ಇದರ ಮೇಲೆಯೇ. ವಾರಂಟಿ ಇನ್ನೂ ಉಳಿದಿದ್ದರೆ ಅದು ಮುಗಿಯುವವರೆಗೆ ಸೀಟು, ಬೂಟುಗಳಲ್ಲೇ ಸುಧಾರಿಸಿಕೊಳ್ಳುವುದು ಜಾಣತನ. ಬಿಚ್ಚಿದ ಮೂಲ ಲಿಂಕ್, ಬೋಲ್ಟ್‌ಗಳನ್ನು ಎಣ್ಣೆ ಹಚ್ಚಿ ಕಟ್ಟಿಡಿ. ಬೈಕು ಮಾರುವಾಗ ಕೊಳ್ಳುವವರು ಆರಡಿ ಎತ್ತರದವರಾಗಿದ್ದರೆ ಅವರು ಕೇಳುವುದು ಅದನ್ನೇ.