ನಸುಕಿನ ಲಾರಿಗೆ ನಿನ್ನೆಯ ತಾರೀಖು ಯಾಕೆ?

ಪ್ರಶ್ನೆ: ರೈಸ್ ಮಿಲ್ಲೊಂದರಲ್ಲಿ ಭತ್ತದ ಲಾರಿಗಳಿಗೆ ತೂಕದ ಚೀಟಿ ಕೊಡಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಚೀಟಿಯಲ್ಲಿ ತಾರೀಖು ಮಾತ್ರ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಇತ್ತು. ಕ್ಲೌಡ್ ಸರ್ವರ್‌ಗೆ ಹಾಕಿದ ಮೇಲೆ ನಸುಕಿನ ಲಾರಿಗಳಿಗೆ ಹಿಂದಿನ ದಿನದ ತಾರೀಖು ಬೀಳುತ್ತಿದೆ. ಐದೂವರೆ ತಾಸು ಕೂಡಿಸಿಬಿಡಲೇ?
– ಓದುಗರು, ಗಂಗಾವತಿ

ಉತ್ತರ: ದಯವಿಟ್ಟು ಕೂಡಿಸಬೇಡಿ. ನಸುಕಿನ 4:40ಕ್ಕೆ ಲಾರಿ ಕಾಟಾದ ಮೇಲೆ ನಿಂತಿದೆ ಅನ್ನಿ. ನಿಮ್ಮ ಕೋಡ್ ‘ಇವತ್ತು ಯಾವ ತಾರೀಖು’ ಅಂತ ಕೇಳುತ್ತದೆ. ಎಲ್ಲಿಯ ಇವತ್ತು ಅಂತ ಹೇಳುವುದಿಲ್ಲ. ಆಗ ಪೈಥಾನ್ ತಾನು ಓಡುತ್ತಿರುವ ಯಂತ್ರದ ಟೈಮ್ ಝೋನನ್ನೇ ಹಿಡಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದು ಭಾರತದ್ದು, ಕ್ಲೌಡ್‌ನಲ್ಲಿ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ; ಅದು ಭಾರತಕ್ಕಿಂತ ಐದೂವರೆ ತಾಸು ಹಿಂದೆ. ಯುಟಿಸಿಯಲ್ಲಿ ಆಗಿನ್ನೂ ಹಿಂದಿನ ರಾತ್ರಿ 11:10. 5:30 ದಾಟಿದ ಮೇಲೆ ಬಂದ ಲಾರಿಗೆ ತಾರೀಖು ಸರಿಯಾಗೇ ಬೀಳುತ್ತದೆ. ಅದಕ್ಕೇ ಈ ತಪ್ಪು ಬೇಗ ಸಿಗುವುದಿಲ್ಲ.

ಕೂಡಿಸಿದರೆ ಇವತ್ತಿಗೆ ಕೆಲಸ ನಡೆಯುತ್ತದೆ, ನಿಜ. ನಾಳೆ ಯಾರೋ ಸರ್ವರ್‌ನ ಝೋನನ್ನೇ ಭಾರತಕ್ಕೆ ಬದಲಿಸಿದರೆ? ಸಂಜೆ 6:30ರ ನಂತರದ ಪ್ರತಿ ಲಾರಿಗೂ ಮರುದಿನದ ತಾರೀಖು! ಮಿಲ್ಲಿನವರಿಗೂ ರೈತರಿಗೂ ಲೆಕ್ಕದಲ್ಲಿ ಜಗಳ ಬರುವುದು ಇಂಥದ್ದರಿಂದಲೇ ಅಲ್ವಾ?

ಝೋನನ್ನು ಕೋಡಿನಲ್ಲೇ ಹೆಸರಿಟ್ಟು ಹೇಳಿ. ಪೈಥಾನ್ 3.9ರಿಂದ ಟೈಮ್ ಝೋನ್ ಲೆಕ್ಕ ನೋಡಿಕೊಳ್ಳುವ ಝೋನ್‌ಇನ್ಫೋ (zoneinfo) ಜೊತೆಗೇ ಬರುತ್ತದೆ. ವಿಂಡೋಸ್‌ನಲ್ಲಾದರೆ ಝೋನ್‌ಗಳ ಮಾಹಿತಿ ಇರುವ ಟಿಝಡ್‌ಡೇಟಾ (tzdata) ಪ್ಯಾಕೇಜನ್ನೂ ಹಾಕಿಕೊಳ್ಳಿ. ‘ಈಗ ಎಷ್ಟು ಗಂಟೆ’ ಎಂದು ಕೇಳುವಾಗಲೇ ಏಷ್ಯಾ/ಕೋಲ್ಕತಾ (Asia/Kolkata) ಎಂಬ ಭಾರತದ ಝೋನಿನ ಹೆಸರು ಕೊಟ್ಟು, ಬಂದ ಉತ್ತರದಿಂದ ತಾರೀಖು ತೆಗೆಯಿರಿ. ಭಾರತದ ಸಮಯಕ್ಕೆ ಐಎಸ್‌ಟಿ ಎಂಬ ಚಿಕ್ಕ ಹೆಸರಿದೆ, ಆದರೆ ಸುಮ್ನೆ ಹಾಗಂತ ಬರೆಯಬೇಡಿ. ಇಸ್ರೇಲ್, ಐರ್ಲೆಂಡ್‌ಗಳ ಸಮಯಕ್ಕೂ ಅದೇ ಮೂರಕ್ಷರ ಇವೆ. ಡೇಟಾಬೇಸ್‌ನಲ್ಲಿ ಲಾರಿ ತೂಗಿದ ಕ್ಷಣವನ್ನು ಯುಟಿಸಿಯಲ್ಲಿ ಇಡಿ, ಚೀಟಿ ಮುದ್ರಿಸುವಾಗ ಭಾರತದ ಸಮಯಕ್ಕೆ ತನ್ನಿ.

ಹಳೇ ದಾಖಲೆಗಳ ಕೆಲಸ ಸ್ವಲ್ಪ ಜಾಸ್ತಿ. ಲ್ಯಾಪ್‌ಟಾಪ್ ಕಾಲದವು ಭಾರತದ ಸಮಯದಲ್ಲಿವೆ, ಸರ್ವರ್ ಕಾಲದವು ಯುಟಿಸಿಯಲ್ಲಿ. ಮೊದಲು ಎರಡನ್ನೂ ಬೇರೆ ಮಾಡಿ, ಆಮೇಲೆ ಲ್ಯಾಪ್‌ಟಾಪ್ ಕಾಲದ ಸಮಯವನ್ನು ಯುಟಿಸಿಗೆ ತನ್ನಿ, ಸರ್ವರ್ ಕಾಲದವುಗಳಲ್ಲಿ ತಾರೀಖನ್ನು ಮಾತ್ರ ತಿದ್ದಿ. ಗಂಟೆ ಉಳಿಸದೆ ಬರೀ ತಾರೀಖು ಉಳಿಸಿದ್ದರೆ ಕೋಡಿನಿಂದ ಸರಿಮಾಡಲು ಆಗದು. ಗೇಟಿನಲ್ಲಿ ಲಾರಿ ಬಂದ ಹೊತ್ತು ಬರೆದ ಪುಸ್ತಕ ಇದ್ದರೆ, ಅದನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಬೇಕು.