ಯುರೋಪಿನ ಯಹೂದಿಗಳ ಹಳೇ ಇತಿಹಾಸ ನೋಡಬೇಕಾದರೆ ವೋರ್ಮ್ಸ್‌ನಿಂದ ಶುರು ಮಾಡಿ

ನೀವು ಕೇಳಿದ್ದು ಇಷ್ಟು: ಆಫೀಸ್ ಕೆಲಸಕ್ಕೆ ಫ್ರಾಂಕ್‌ಫರ್ಟ್‌ಗೆ ಬರ್ತಿದ್ದೀರಿ, ಕೊನೆಗೆ ಎರಡು ದಿನ ಬಿಡುವಿದೆ. ಯಹೂದಿಗಳ ಬಗ್ಗೆ ಶಾಲೆಯಲ್ಲಿ ಓದಿದ್ದು ಹಿಟ್ಲರ್, ಆಶ್‌ವಿಟ್ಸ್ ಅಷ್ಟೇ. ಅದಕ್ಕಿಂತ ಹಿಂದಿನದು ಏನಾದರೂ ನೋಡಲು ಸಿಗುತ್ತಾ?

ಖಂಡಿತ ಸಿಗುತ್ತದೆ. ನಾನು ಇದೇ ಕಡೆ, ರೈನ್ ನದಿಯ ಹತ್ತಿರ ವಾಸವಾಗಿದ್ದೇನೆ. ಊರಿಂದ ಬಂದ ನೆಂಟರನ್ನೆಲ್ಲ ಕೋಟೆ, ಚಾಕೊಲೇಟ್ ಅಂಗಡಿ ಆದಮೇಲೆ ವೋರ್ಮ್ಸ್‌ಗೆ ಕರೆದುಕೊಂಡು ಹೋಗುತ್ತೇನೆ. ಮೈಂಟ್ಸ್‌ನಲ್ಲಿ ರೈಲು ಬದಲಿಸಿದರೆ ಆಯ್ತು, ದೂರವೇನಿಲ್ಲ. ವೋರ್ಮ್ಸ್, ಸ್ಪೈಯರ್, ಮೈಂಟ್ಸ್ ಮೂರೂ ರೈನ್ ದಡದ ಊರುಗಳು. ಮೂರರ ಹೀಬ್ರೂ ಹೆಸರಿನ ಮೊದಲಕ್ಷರ ಸೇರಿಸಿ 'ಶೂಮ್' ಅನ್ನುತ್ತಾರೆ. ಯುನೆಸ್ಕೊ 2021ರಲ್ಲಿ ಇವುಗಳ ಯಹೂದಿ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೆಳಿಗ್ಗೆ ವೋರ್ಮ್ಸ್‌ನಲ್ಲಿ ಇಳಿದವರೇ ಮೊದಲು ಸ್ಮಶಾನಕ್ಕೆ ಹೋಗಿ. ಪ್ರವಾಸಕ್ಕೆ ಬಂದವರನ್ನು ಸ್ಮಶಾನಕ್ಕೆ ಕಳಿಸ್ತಾರಾ ಅಂತ ನನ್ನ ಅತ್ತೆಯವರೂ ಮುಖ ಸಿಂಡರಿಸಿದ್ದರು. ಒಳಗೆ ಹೋದಮೇಲೆ ಹೊರಡಿಸುವುದೇ ಕಷ್ಟ ಆಯ್ತು. ಇದರ ಹೆಸರು 'ಹೈಲಿಗರ್ ಸಾಂಡ್', ಪವಿತ್ರ ಮರಳು. ಸುಮಾರು 2500 ಕಲ್ಲುಗಳಿವೆ. ಅತಿ ಹಳೆಯದು 1058-59ರದು. ಯುರೋಪಿನಲ್ಲಿ ಇದ್ದ ಜಾಗದಲ್ಲೇ ಉಳಿದಿರುವ ಯಹೂದಿ ಸ್ಮಶಾನಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಒಮ್ಮೆ ಹೂತ ಗೋರಿಯನ್ನು ಮತ್ತೆ ಅಗೆಯಬಾರದು, ಆ ಜಾಗ ಸತ್ತವರದ್ದೇ ಅನ್ನೋದು ಯಹೂದಿ ಧರ್ಮದ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಕಲ್ಲುಗಳು ವಾಲಿದರೂ, ಅರ್ಧ ಹೂತುಹೋದರೂ ಯಾರೂ ಕಿತ್ತಿಲ್ಲ.

ಗೇಟಿಗೆ ಹತ್ತಿರದಲ್ಲೇ ಎರಡು ಕಲ್ಲುಗಳು ಅಕ್ಕಪಕ್ಕ ನಿಂತಿವೆ. ತಲೆಯ ಮೇಲೆಲ್ಲ ಸಣ್ಣ ಸಣ್ಣ ಕಲ್ಲುಗಳು, ನಡುವೆ ಮಡಚಿಟ್ಟ ಚೀಟಿಗಳು. ಬಂದವರು ಬರೆದಿಟ್ಟ ಹರಕೆ, ಪ್ರಾರ್ಥನೆಗಳು ಅವು. ಒಂದು ಗೋರಿ ರೋಥೆನ್‌ಬುರ್ಗ್‌ನ ರಬ್ಬಿ (ಯಹೂದಿ ಧರ್ಮಗುರು) ಮೆಯಿರ್ ಅವರದು. ಆ ಕಾಲಕ್ಕೆ ತುಂಬ ದೊಡ್ಡ ಹೆಸರು. 1286ರಲ್ಲಿ ರಾಜ ರುಡಾಲ್ಫ್ ಇವರನ್ನು ಸೆರೆಯಲ್ಲಿಟ್ಟ. ಸಮುದಾಯದವರು ಹಣ ಕೊಟ್ಟು ಬಿಡಿಸಲು ಸಿದ್ಧರಿದ್ದರು. ಇವರೇ ಬೇಡ ಅಂದರಂತೆ. ಒಬ್ಬರಿಗೆ ದುಡ್ಡು ಕೊಟ್ಟರೆ ನಾಳೆ ಎಲ್ಲ ರಬ್ಬಿಗಳನ್ನೂ ಹಿಡಿದು ಹಾಕ್ತಾರೆ ಅನ್ನೋದು ಅವರ ಲೆಕ್ಕ. 1293ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಹೆಣವನ್ನೂ ಕೊಡಲಿಲ್ಲ, ಹದಿನಾಲ್ಕು ವರ್ಷ! 1307ರಲ್ಲಿ ಅಲೆಕ್ಸಾಂಡರ್ ಎಂಬ ವ್ಯಾಪಾರಿ ಹಣ ಕಟ್ಟಿ ಬಿಡಿಸಿಕೊಂಡು ಬಂದು ಇಲ್ಲಿ ಮಣ್ಣು ಮಾಡಿಸಿದ. ಅವನು ಕೇಳಿಕೊಂಡಿದ್ದು ಒಂದೇ, ತಾನು ಸತ್ತಾಗ ಪಕ್ಕದಲ್ಲೇ ಹೂಳಬೇಕು. ಪಕ್ಕದ ಕಲ್ಲು ಅವನದೇ.

ಇನ್ನೊಂದು ಹೆಸರು ನೆನಪಿಟ್ಟುಕೊಳ್ಳಿ: ಉರಾನಿಯಾ. 1275ರಲ್ಲಿ ತೀರಿಕೊಂಡವಳು. ಹೆಂಗಸರಿಗೋಸ್ಕರ ಸ್ತುತಿಪದಗಳನ್ನು ಹಾಡಿ ಪ್ರಾರ್ಥನೆ ನಡೆಸುತ್ತಿದ್ದಳು ಎಂದು ಅವಳ ಗೋರಿಗಲ್ಲಿನ ಮೇಲಿತ್ತು. ನನಗೆ ರಾಜರ ಕಥೆಗಿಂತ ಇಂಥವೇ ಜಾಸ್ತಿ ಹಿಡಿಸುತ್ತವೆ.

ಅವಳು ಹಾಡಿದ ಕಾಲದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, ಊರಿನ ಇನ್ನೊಂದು ಬದಿಯಲ್ಲಿ, ಯಹೂದಿ ಬೀದಿಯಲ್ಲಿದೆ. ಮೊದಲು ಕಟ್ಟಿದ್ದು 1034ರಲ್ಲಿ. ಹಣ ಕೊಟ್ಟ ಯಾಕೋಬ್ ಮತ್ತು ಅವನ ಹೆಂಡತಿ ರಾಹೆಲ್ ಹೆಸರು ಕೆತ್ತಿದ ಶಾಸನ ಇಂದಿಗೂ ಗೋಡೆಯಲ್ಲಿದೆ. 1212-13ರಲ್ಲಿ ಹೆಂಗಸರಿಗೆಂದೇ ಪಕ್ಕದಲ್ಲಿ ಬೇರೆ ಪ್ರಾರ್ಥನಾಮಂದಿರ ಸೇರಿಸಿದರು. ಹೊರಗೋಡೆಯಲ್ಲಿ ಒಂದು ಕಡೆ ಒಳಕ್ಕೆ ತಗ್ಗಿದ ಗೂಡಿನಂಥ ಜಾಗ ಕಾಣುತ್ತದೆ. ಕಿರಿದಾದ ಓಣಿಯಲ್ಲಿ ಗಾಡಿ ನುಗ್ಗಿ ಬಂದಾಗ ತುಂಬು ಬಸುರಿಯೊಬ್ಬಳಿಗೆ ಗೋಡೆಯೇ ಬಾಗಿ ಜಾಗ ಕೊಟ್ಟಿತಂತೆ. ಅವಳು ಯಾವ ರಬ್ಬಿಯ ತಾಯಿ ಅನ್ನೋದರಲ್ಲಿ ಎರಡು ಕಥೆ ಇವೆ. ಬೈಬಲ್‌ಗೆ, ತಾಲ್ಮುಡ್ ಎಂಬ ಯಹೂದಿ ಧರ್ಮಶಾಸ್ತ್ರ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಮಹಾ ಪಂಡಿತ ರಾಶಿಯ ತಾಯಿ ಅನ್ನುವವರೂ ಇದ್ದಾರೆ. ರಾಶಿ ಫ್ರಾನ್ಸಿನವನು, 1060ರ ಸುಮಾರಿಗೆ ಇಲ್ಲಿ ಬಂದು ಓದಿದ್ದು ನಿಜ. ಆದರೆ 'ರಾಶಿ ಚಾಪೆಲ್' ಅಂತ ತೋರಿಸುವ ಕೋಣೆ ಕಟ್ಟಿದ್ದು 1624ರಲ್ಲಿ. ಅವನು ಕೂತ ಕುರ್ಚಿ ಇದು ಅಂತ ಯಾರಾದರೂ ತೋರಿಸಿದರೆ ಸುಮ್ನೆ ತಲೆ ಆಡಿಸಿ.

ಇದನ್ನೂ ಮುಚ್ಚಿಡಬಾರದು: ನೀವು ನೋಡುವ ಸಿನಗಾಗ್ ಪೂರ್ತಿ ಹಳೆಯದಲ್ಲ. 1096ರಲ್ಲಿ ಕ್ರುಸೇಡ್‌ಗೆ, ಅಂದರೆ ಜೆರುಸಲೇಮ್ ಗೆಲ್ಲುವ ಕ್ರೈಸ್ತರ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ಈ ಊರಿನಲ್ಲಿ ನೂರಾರು ಯಹೂದಿಗಳನ್ನು ಕೊಂದವು. 1349ರಲ್ಲಿ ಪ್ಲೇಗ್ ಬಂದದ್ದಕ್ಕೆ ಯಹೂದಿಗಳೇ ಕಾರಣ ಅಂತ ಮತ್ತೆ ಕೊಲೆ, ಬೆಂಕಿ. 1615ರಲ್ಲಿ ಊರಿಂದಲೇ ಓಡಿಸಿದರು, ಮರುವರ್ಷ ವಾಪಸ್ ಬಂದರು. 1938ರ ನವೆಂಬರ್‌ನಲ್ಲಿ ನಾಜಿಗಳು ಸುಟ್ಟರು, 1942ರಲ್ಲಿ ಉಳಿದ ಗೋಡೆಗಳನ್ನೂ ಕೆಡವಿದರು. ಆ ಅವಶೇಷಗಳಲ್ಲಿ ಸಿಕ್ಕ ಹಳೇ ಕಲ್ಲುಗಳನ್ನು ಸೇರಿಸಿ ಮತ್ತೆ ಕಟ್ಟಿ, 1961ರಲ್ಲಿ ಬಾಗಿಲು ತೆರೆದರು. ಆಗ ಊರಿನಲ್ಲಿ ಯಹೂದಿ ಸಮುದಾಯ ಅಂತ ಉಳಿದಿರಲಿಲ್ಲ. ಪ್ರಾರ್ಥನೆಗೆ ಜನವೇ ಇಲ್ಲದೆ ಕಟ್ಟಡ ಕಟ್ಟಿದ್ದು ಸರಿಯಾ ಅಂತ ನನಗೆ ಬಹಳ ಸಲ ಅನ್ನಿಸಿದೆ. ಈಗ ಹಳೇ ಸೋವಿಯತ್ ದೇಶಗಳಿಂದ ಬಂದ ಯಹೂದಿಗಳು ಈ ಭಾಗದಲ್ಲಿದ್ದಾರೆ, ಇಲ್ಲಿ ಪ್ರಾರ್ಥನೆಯೂ ನಡೆಯುತ್ತದೆ. ಹಾಗಾಗಿ ಕಟ್ಟಿದ್ದು ಒಳ್ಳೆಯದೇ ಆಯ್ತು.

ಕಟ್ಟಡಕ್ಕಿಂತ ಮುಖ್ಯ, ಈ ಊರುಗಳಲ್ಲಿ ಮಾಡಿದ ಕಟ್ಟಳೆಗಳು. ಸಾವಿರ ವರ್ಷದ ಹಿಂದೆ ಮೈಂಟ್ಸ್‌ನಲ್ಲಿ ರಬ್ಬಿ ಗೆರ್ಶೋಮ್ ಇದ್ದರು. ಒಬ್ಬಳು ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದು, ಹೆಂಡತಿ ಒಪ್ಪದೆ ವಿಚ್ಛೇದನ ಕೊಡಬಾರದು, ಬೇರೆಯವರ ಕಾಗದ ಒಡೆದು ಓದಬಾರದು ಎಂಬ ಕಟ್ಟಳೆಗಳು ಅವರ ಹೆಸರಿನಲ್ಲಿವೆ. ಪಕ್ಕದವರ ಮೊಬೈಲ್ ಇಣುಕುವವರು ಗಮನಿಸಿ! ಆಮೇಲೆ 1220ರ ಸುಮಾರಿಗೆ ಮೂರೂ ಊರಿನವರು ಸೇರಿ ಇನ್ನಷ್ಟು ನಿಯಮ ಮಾಡಿಕೊಂಡರು. ಮದುವೆಯಾದ ಮೊದಲ ವರ್ಷದಲ್ಲೇ ಹೆಂಡತಿ ಮಕ್ಕಳಿಲ್ಲದೆ ತೀರಿಕೊಂಡರೆ ವರದಕ್ಷಿಣೆ ಪೂರ್ತಿ ತವರಿಗೆ ವಾಪಸ್, ಎರಡನೇ ವರ್ಷವಾದರೆ ಅರ್ಧ. ಆಶ್‌ವಿಟ್ಸ್‌ನಂಥ ನಾಜಿ ಕ್ಯಾಂಪ್‌ಗಳಿಂದ ಶುರು ಮಾಡಿದರೆ ಇವರು ಹೇಗೆ ಸತ್ತರು ಅನ್ನೋದಷ್ಟೇ ಗೊತ್ತಾಗುತ್ತದೆ. ಹೇಗೆ ಸಂಸಾರ ಮಾಡಿದರು, ಯಾವುದಕ್ಕೆ ಜಗಳ ಆಡಿದರು, ಹೇಗೆ ರಾಜಿ ಮಾಡಿಕೊಂಡರು ಅನ್ನೋದು ಇಲ್ಲಿ ಗೊತ್ತಾಗುತ್ತದೆ.

ಎರಡನೇ ದಿನ ಸ್ಪೈಯರ್. 1084ರಲ್ಲಿ ಅಲ್ಲಿನ ಬಿಷಪ್ ರೂಡಿಗರ್ ತಾನೇ ಕರೆದು ಯಹೂದಿಗಳಿಗೆ ಜಾಗ ಕೊಟ್ಟು, ಹಕ್ಕುಪತ್ರವನ್ನೂ ಬರೆದುಕೊಟ್ಟ. ವ್ಯಾಪಾರಿಗಳು ಬಂದರೆ ಊರು ಬೆಳೆಯುತ್ತದೆ ಅನ್ನೋ ಲೆಕ್ಕಾಚಾರ. ಹಳೇ ಸಿನಗಾಗಿನ ಗೋಡೆ ಸ್ವಲ್ಪ ಉಳಿದಿದೆ. ಆದರೆ ಅಲ್ಲಿ ನೋಡಲೇಬೇಕಾದ್ದು ಮಿಕ್ವೆ, ಅಂದರೆ ಮಡಿಸ್ನಾನದ ಕೊಳ. 1126ರ ದಾಖಲೆಯಲ್ಲೇ ಇದರ ಹೆಸರಿದೆ. ನಮ್ಮ ಕಲ್ಯಾಣಿಯನ್ನು ಸಣ್ಣದು ಮಾಡಿ ನೆಲದೊಳಗೆ ಮುಚ್ಚಿಟ್ಟ ಹಾಗಿದೆ. ಕಲ್ಲಿನ ಮೆಟ್ಟಿಲು ಇಳಿಯುತ್ತ ಹೋದರೆ ಮಧ್ಯೆ ಕಂಬದ ಕಿಟಕಿ, ಸುಮಾರು ಹತ್ತು ಮೀಟರ್ ಕೆಳಗೆ ಅಂತರ್ಜಲ. ತುಂಬಿಸಿ ಇಟ್ಟ ನೀರು ಮಡಿಗೆ ಆಗಲ್ಲ, ತಾನಾಗಿ ಬಂದ ನೀರೇ ಬೇಕು. ಅದಕ್ಕೇ ಅಷ್ಟು ಆಳ. ವೋರ್ಮ್ಸ್‌ನಲ್ಲೂ 1185-86ರ ಮಿಕ್ವೆ ಇದೆ. ಅದು ದುರಸ್ತಿಗೆ ಅಂತ ವರ್ಷಗಟ್ಟಲೆ ಮುಚ್ಚಿತ್ತು, ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ವಾಪಸ್ ಬರುವಾಗ ಹೊತ್ತಿದ್ದರೆ ಮೈಂಟ್ಸ್‌ನಲ್ಲಿ ಇಳಿದು ಸೇಂಟ್ ಸ್ಟೀಫನ್ ಚರ್ಚ್ ನೋಡಿ. ಯಹೂದಿ ಕಲಾವಿದ ಮಾರ್ಕ್ ಶಗಾಲ್ ತೊಂಬತ್ತು ದಾಟಿದ ಮೇಲೆ ಮಾಡಿಕೊಟ್ಟ ನೀಲಿ ಗಾಜಿನ ಕಿಟಕಿಗಳು ಅಲ್ಲಿವೆ.

ಶನಿವಾರ ಮಾತ್ರ ವೋರ್ಮ್ಸ್‌ಗೆ ಹೋಗಬೇಡಿ. ಅದು ಸಬ್ಬತ್, ಯಹೂದಿಗಳ ವಾರದ ವಿಶ್ರಾಂತಿ ದಿನ, ಸ್ಮಶಾನದ ಗೇಟು ಮುಚ್ಚಿರುತ್ತದೆ. ಯಹೂದಿ ಹಬ್ಬಗಳ ದಿನವೂ ಅಷ್ಟೇ. ಗಂಡಸರು ತಲೆ ಮುಚ್ಚಿಕೊಳ್ಳಬೇಕು, ಒಂದು ಟೋಪಿ ಜೊತೆಗಿರಲಿ. ಗೋರಿಗಳ ಮೇಲಿರುವ ಚೀಟಿಗಳನ್ನು ಬಿಚ್ಚಿ ಓದಬೇಡಿ. ಗೆರ್ಶೋಮ್ ಕಟ್ಟಳೆ ನೆನಪಿದೆಯಲ್ಲ!